ಎಂಟು ಕಂಪ್ಯೂಟರ್, ಐದು ಥರದ ಓಎಸ್ (ಆಪರೇಟಿಂಗ್ ಸಿಸ್ಟಂ): ಗದಗದ ಪ್ರೆಸ್ಸಿಗೊಂದು ಸರ್ವರ್ ಕೂರಿಸಿದ ಕೆಲಸದ ಲೆಕ್ಕ

ಗದಗ-ಬೆಟಗೇರಿಗೆ ಮುದ್ರಣ ಕಾಶಿ ಅಂತ ಹೆಸರಿದೆ. ಇಲ್ಲಿನ ಒಂದು ಆಫ್‌ಸೆಟ್ ಪ್ರೆಸ್ಸಿಗೆ ಫೈಲ್ ಸರ್ವರ್ (ಎಲ್ಲರ ಫೈಲ್ ಒಂದೇ ಕಡೆ ಇಟ್ಟು ಹಂಚುವ ಯಂತ್ರ) ಕೂರಿಸುವ ಕೆಲಸ ಮೊನ್ನೆ ಮುಗಿಯಿತು. ಲಗ್ನ ಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್ ಅವರ ಮುಖ್ಯ ಕೆಲಸ. ಇಂಥದ್ದೇ ಸಣ್ಣ ಆಫೀಸು ನೋಡಿಕೊಳ್ಳುವವರಿಗೆ ಉಪಯೋಗ ಆಗಲಿ ಅಂತ ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆದಿದ್ದೇನೆ. ಕೈಕೊಟ್ಟಿದ್ದನ್ನೂ ಬಿಟ್ಟಿಲ್ಲ.

0. ಮೊದಲು ಅಲ್ಲಿ ಏನಿತ್ತು

ವಿಂಡೋಸ್ 11 ಯಂತ್ರ ಮೂರು. ಎರಡು ಪ್ರೊ, ಒಂದು ಹೋಮ್. ನುಡಿ ಮತ್ತು ಡಿಸೈನ್ ಮಾಡುವ ಕೋರೆಲ್‌ಡ್ರಾ ಓಡುವುದು ಇವುಗಳಲ್ಲಿ. ಹೋಮ್ ಇರುವುದರಲ್ಲಿ ಟ್ಯಾಲಿ ಕೂಡ ಇದೆ.

ವಿಂಡೋಸ್ 7, 32 ಬಿಟ್, ಒಂದು. ಹಳೆಯ ಕೆಲಸಗಳೆಲ್ಲ ಪೇಜ್‌ಮೇಕರ್ 7ರಲ್ಲಿವೆ. ಹತ್ತು ವರ್ಷದ ಹಿಂದಿನ ಗಿರಾಕಿ ಬಂದು "ಅದೇ ಡಿಸೈನ್ ಮಾಡಿಕೊಡ್ರಿ" ಅಂದರೆ ಇದೇ ಬೇಕು.

ವಿಂಡೋಸ್ ಎಕ್ಸ್‌ಪಿ ಒಂದು. ಕಟಿಂಗ್ ಪ್ಲಾಟರ್‌ಗೆ (ಡಿಸೈನ್ ಆಕಾರಕ್ಕೆ ಕತ್ತರಿಸುವ ಯಂತ್ರ) ಅಂಟಿಕೊಂಡಿದೆ. ಪ್ಲಾಟರ್ ಡ್ರೈವರ್ ಬೇರೆಲ್ಲೂ ಕೂರಲ್ಲ.

2011ರ ಐಮ್ಯಾಕ್ ಒಂದು. ಮ್ಯಾಕ್ ಓಎಸ್‌ನ ಹೈ ಸಿಯೆರಾ ಆವೃತ್ತಿಯಿಂದ ಮೇಲಕ್ಕೆ ಹೋಗಲ್ಲ. ಜೊತೆಗೆ ಹೊಸ ಮ್ಯಾಕ್ ಮಿನಿ. ಬೈಂಡಿಂಗ್ ವಿಭಾಗದಲ್ಲಿ ಲಿನಕ್ಸ್ ಮಿಂಟ್ ಹಾಕಿದ ಹಳೆಯ ಲ್ಯಾಪ್‌ಟಾಪ್.

ಇವೆಲ್ಲದರ ನಡುವೆ "ಸರ್ವರ್" ಅಂತ ಕರೆಸಿಕೊಳ್ಳುತ್ತಿದ್ದದ್ದು ಮೂಲೆಯಲ್ಲಿದ್ದ ಒಂದು ವಿಂಡೋಸ್ 10 ಡೆಸ್ಕ್‌ಟಾಪ್. 2 ಟಿಬಿ ಡಿಸ್ಕಿನ ಒಂದು ಫೋಲ್ಡರ್ ಹಂಚಿಟ್ಟಿದ್ದರು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಅಳಿಸಬಹುದು. ಕ್ಯಾಲೆಂಡರ್ ಸೀಸನ್‌ನಲ್ಲಿ ಒಬ್ಬರ ಫೈಲ್ ಮೇಲೆ ಇನ್ನೊಬ್ಬರು ಬರೆದು ರಾತ್ರಿಯೆಲ್ಲ ಕೂತು ಮತ್ತೆ ಮಾಡಿದ್ದೂ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಆ ಯಂತ್ರದಲ್ಲಿರುವುದು ಆರನೇ ತಲೆಮಾರಿನ ಐ5. ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರಲ್ಲ. ಹಾಗಾಗಿ ಏನಾದರೂ ಮಾಡಲೇಬೇಕಿತ್ತು.

1. ಯಾವ ಓಎಸ್?

ಮಾಲಕರು ಮೊದಲೇ ಒಂದು ಮಾತು ಹೇಳಿದ್ದರು: "ನೀವ್ ಊರಾಗ ಇಲ್ಲದಾಗ ಕೆಟ್ಟ್ರ ನಾವ್ ಏನ್ ಮಾಡೂದ್ರಿ?" ಕೊನೆಗೆ ನನ್ನ ಆಯ್ಕೆ ನಿಂತಿದ್ದು ಇದರ ಮೇಲೇ. ಹೆಚ್ಚು ಸವಲತ್ತು ಇರುವುದು ನನಗೆ ಬೇಕಿರಲಿಲ್ಲ. ನಾನಿಲ್ಲದಾಗ ಆಫ್ ಮಾಡಿ ಆನ್ ಮಾಡಿದರೆ ತಾನೇ ಎದ್ದು ನಿಲ್ಲುವುದು ಬೇಕಿತ್ತು.

ವಿಂಡೋಸ್ ಸರ್ವರ್ 2025. ಇದನ್ನು ಸುಮ್ನೆ ತಳ್ಳಿಹಾಕಲಿಲ್ಲ. ಬಹುಪಾಲು ಯಂತ್ರ ವಿಂಡೋಸ್, ಆಪರೇಟರುಗಳಿಗೆ ಪರಿಚಯದ ಪರದೆ. ಆದರೆ ಸ್ಟ್ಯಾಂಡರ್ಡ್ ಲೈಸೆನ್ಸ್ ಕನಿಷ್ಠ 16 ಕೋರ್ ಲೆಕ್ಕದಲ್ಲಿ ಕೊಳ್ಳಬೇಕು, ನಮ್ಮಲ್ಲಿ ನಾಲ್ಕೇ ಕೋರ್ ಇದ್ದರೂ. ಅದರ ಮೇಲೆ ಪ್ರತಿ ಬಳಕೆದಾರರಿಗೆ ಅಥವಾ ಪ್ರತಿ ಯಂತ್ರಕ್ಕೆ ಒಂದು ಸಿಎಎಲ್, ಅಂದರೆ ಸರ್ವರ್ ಬಳಸುವ ಲೈಸೆನ್ಸ್. ಡೀಲರ್ ಕೊಟೇಶನ್ ಲೈಸೆನ್ಸಿಗೇ ಲಕ್ಷ ದಾಟಿತ್ತು. ಎಸೆನ್ಷಿಯಲ್ಸ್ ಆವೃತ್ತಿಗೆ ಸಿಎಎಲ್ ಬೇಡ, 25 ಬಳಕೆದಾರರು, 50 ಯಂತ್ರ ತನಕ ನಡೆಯುತ್ತದೆ. ಆದರೆ ಅದು ಹೊಸ ಸರ್ವರ್ ಯಂತ್ರದ ಜೊತೆಗೇ ಬರುವಂಥದ್ದು. ಇನ್ನೊಬ್ಬ ಡೀಲರ್ "2,500ಕ್ಕೆ ಕೀ ಕೊಡ್ತೀನಿ, ಲೈಫ್‌ಟೈಮ್" ಅಂದರು. ಅಂಥ ಕೀಗೆ ಬಿಲ್ ಇರಲ್ಲ, ನಾಳೆ ಯಾರಾದರೂ ಲೈಸೆನ್ಸ್ ತೋರಿಸಿ ಅಂದರೆ ತೋರಿಸಲು ಏನೂ ಇರಲ್ಲ. ಆ ಕಡೆ ಹೋಗಲಿಲ್ಲ.

ವಿಂಡೋಸ್ 11 ಪ್ರೊ ಒಂದನ್ನೇ ಸರ್ವರ್ ಮಾಡೋದು. ಎಂಟು ಯಂತ್ರಕ್ಕೆ ಇದೂ ಸಾಕಾಗುತ್ತೆ. ಲೈಸೆನ್ಸ್ ಪ್ರಕಾರ 20 ಯಂತ್ರ ಸೇರಬಹುದು. ಆದರೆ ಇದು ಹಳೆಯ ಕಥೆಯೇ ಮತ್ತೆ. ಅಪ್‌ಡೇಟ್ ಬಂದಾಗ ತಾನೇ ರೀಸ್ಟಾರ್ಟ್ ಆಗುತ್ತೆ, ಯಾರೋ ಅದರ ಮುಂದೆ ಕೂತು ಯೂಟ್ಯೂಬ್ ನೋಡ್ತಾರೆ.

ಟ್ರೂನ್ಯಾಸ್. ಫೈಲ್ ಸರ್ವರಿಗೆಂದೇ ಮಾಡಿದ ಓಎಸ್. ವೆಬ್ ಪರದೆ ಚೆನ್ನಾಗಿದೆ, ಅದರ ಫೈಲ್ ವ್ಯವಸ್ಥೆ ಝಡ್‌ಎಫ್‌ಎಸ್ ಗಟ್ಟಿ. "ಕೋರ್" ಅನ್ನೋ ಹಳೆಯ ಆವೃತ್ತಿ ಫ್ರೀಬಿಎಸ್‌ಡಿ ಅನ್ನೋ ಓಎಸ್ ಮೇಲಿತ್ತು, ಈಗಿನದು ಡೆಬಿಯನ್ ಅನ್ನೋ ಲಿನಕ್ಸ್ ಮೇಲಿದೆ. ಬೂಟ್‌ಗೆ ಒಂದು ಡಿಸ್ಕ್ ಪೂರ್ತಿ ಅದಕ್ಕೇ ಬಿಡಬೇಕು, 8 ಜಿಬಿ ರ‍್ಯಾಮ್ ಕನಿಷ್ಠ. ಅದೇನೂ ತೊಂದರೆಯಲ್ಲ. ಬಿಟ್ಟಿದ್ದು ಎಕ್ಸ್‌ಪಿ ಯಂತ್ರದ ಕಾರಣಕ್ಕೆ. ಅದಕ್ಕೆ ಬೇಕಾದ ಸಣ್ಣಪುಟ್ಟ ಹೊಂದಾಣಿಕೆಯನ್ನು ಅದರ ಪರದೆಯ ಹೊರಗೆ ಕೈಹಾಕಿ ಮಾಡಬೇಕು, ಅಪ್‌ಡೇಟ್ ಆದಾಗ ಅದೆಲ್ಲ ಹೋಗಬಹುದು. ಬರೀ ವಿಂಡೋಸ್ 11 ಮತ್ತು ಮ್ಯಾಕ್ ಇರುವ ಆಫೀಸಾಗಿದ್ದರೆ ಇದನ್ನೇ ಹಾಕುತ್ತಿದ್ದೆ.

ಸೆಂಟ್‌ಓಎಸ್ (ಇನ್ನೊಂದು ಉಚಿತ ಲಿನಕ್ಸ್) ಬಗ್ಗೆ ಈಗಲೂ ಕೇಳುವವರಿದ್ದಾರೆ. ಅದರ 8ನೇ ಆವೃತ್ತಿಗೆ ಬೆಂಬಲ 2029ರವರೆಗೆ ಅಂತ ಹೇಳಿ 2021ರ ಡಿಸೆಂಬರ್ 31ಕ್ಕೇ ನಿಲ್ಲಿಸಿದರು. 7ನೇ ಆವೃತ್ತಿ 2024ರ ಜೂನ್ 30ಕ್ಕೆ ಮುಗಿಯಿತು. ಅದು ಅಲ್ಲಿಗೆ ಬಿಡಿ.

ಉಳಿದಿದ್ದು ಉಬುಂಟು ಸರ್ವರ್ 24.04 ಮತ್ತು ಡೆಬಿಯನ್ 13, ಎರಡೂ ಉಚಿತ ಲಿನಕ್ಸ್. ಯಾವುದು ಹಾಕಿದ್ದರೂ ನಡೆಯುತ್ತಿತ್ತು, ಇಲ್ಲಿ ವಾದ ಮಾಡೋದ್ರಲ್ಲಿ ಅರ್ಥ ಇಲ್ಲ. ನಾನು ನೋಡಿಕೊಳ್ಳುವ ಬೇರೆ ಕಡೆಯೂ ಡೆಬಿಯನ್ ಇದೆ. 13 ಬಂದಿದ್ದು 2025ರ ಆಗಸ್ಟ್‌ನಲ್ಲಿ, 2030ರ ತನಕ ಭದ್ರತಾ ಅಪ್‌ಡೇಟ್ ಸಿಗುತ್ತೆ. ಅದರಲ್ಲಿ ಸಾಂಬಾ 4.22 (ಲಿನಕ್ಸ್ ಫೋಲ್ಡರನ್ನು ವಿಂಡೋಸ್, ಮ್ಯಾಕ್‌ಗಳಿಗೆ ಹಂಚುವ ತಂತ್ರಾಂಶ) ಬರುತ್ತೆ. ಅದನ್ನೇ ಹಾಕಿದೆ.

ಡೊಮೈನ್ (ಎಲ್ಲ ಯಂತ್ರಗಳ ಲಾಗಿನ್ ಒಂದೇ ಕಡೆಯಿಂದ ನಡೆಸುವ ವ್ಯವಸ್ಥೆ) ಮಾಡಲಿಲ್ಲ. ವಿಂಡೋಸ್ ಹೋಮ್ ಯಂತ್ರ ಡೊಮೈನ್‌ಗೆ ಸೇರೋದೇ ಇಲ್ಲ. ಎಂಟು ಜನರಿಗೆ ಎಂಟು ಹೆಸರು, ಎಂಟು ಪಾಸ್‌ವರ್ಡ್ ಸಾಕು.

2. ಪೆಟ್ಟಿಗೆ ಮತ್ತು ಡಿಸ್ಕ್

ಹೊಸ ಯಂತ್ರ ಕೊಳ್ಳಲಿಲ್ಲ. ಆ ವಿಂಡೋಸ್ 10 ಡೆಸ್ಕ್‌ಟಾಪನ್ನೇ ಬಿಚ್ಚಿದೆ. ಒಳಗಿನ ಧೂಳಿನಲ್ಲಿ ಪೇಪರ್ ನಾರು ಸೇರಿ ಫ್ಯಾನ್ ಸುತ್ತ ಹತ್ತಿಯ ಹಾಗೆ ಕಟ್ಟಿಕೊಂಡಿತ್ತು. ಬ್ಲೋವರ್ ಹೊಡೆದು, ಪ್ರೊಸೆಸರ್ ಮೇಲೆ ಹೊಸ ಪೇಸ್ಟ್ ಹಚ್ಚಿದೆ. ರ‍್ಯಾಮ್ 8ರಿಂದ 16 ಜಿಬಿ. ಓಎಸ್‌ಗೆ 250 ಜಿಬಿ ಎಸ್‌ಎಸ್‌ಡಿ. ಫೈಲ್‌ಗೆ 4 ಟಿಬಿಯ ಎರಡು ಡಿಸ್ಕ್. ಡಿಸ್ಕ್‌ನಲ್ಲಿ ಸಿಎಂಆರ್, ಎಸ್‌ಎಂಆರ್ ಅಂತ ಡೇಟಾ ಬರೆಯುವ ಎರಡು ವಿಧ ಇವೆ. ಕೊಳ್ಳುವಾಗ ಸಿಎಂಆರ್ ಅಂತ ಕೇಳಿ ತಗೊಳ್ಳಿ. ಎಸ್‌ಎಂಆರ್ ಅಗ್ಗ, ಆದರೆ ರೇಡ್ (ಹಲವು ಡಿಸ್ಕ್ ಸೇರಿಸಿ ಒಂದಾಗಿ ಬಳಸುವುದು) ಮತ್ತೆ ಕಟ್ಟುವಾಗ ತುಂಬಾ ನಿಧಾನ. ಹಳೆಯ 2 ಟಿಬಿ ಡಿಸ್ಕನ್ನು ಮುಟ್ಟದೆ ಪಕ್ಕಕ್ಕಿಟ್ಟೆ.

ಮೊದಲು ಎರಡೂ ಡಿಸ್ಕ್ ಸೇರಿಸಿ ಬಿಟಿಆರ್‌ಎಫ್‌ಎಸ್ ಅನ್ನೋ ಲಿನಕ್ಸ್ ಫೈಲ್ ವ್ಯವಸ್ಥೆಯ ಸ್ವಂತ ರೇಡ್ 1 (ಎರಡೂ ಡಿಸ್ಕಿನಲ್ಲಿ ಒಂದೇ ಡೇಟಾ) ಮಾಡಿದೆ. ಕಾಗದದ ಮೇಲೆ ಇದೇ ಒಳ್ಳೆಯದು. ಒಂದು ಡಿಸ್ಕಿನಲ್ಲಿ ಡೇಟಾ ಕೆಟ್ಟರೆ ಇನ್ನೊಂದರಿಂದ ತಾನೇ ಸರಿಮಾಡುತ್ತೆ. ಆಮೇಲೆ ಪರೀಕ್ಷೆಗೆ ಅಂತ ಯಂತ್ರ ಆಫ್ ಮಾಡಿ ಒಂದು ಡಿಸ್ಕಿನ ಸಾಟಾ ಕೇಬಲ್ ಕಿತ್ತು ಮತ್ತೆ ಆನ್ ಮಾಡಿದೆ. ಯಂತ್ರ ಎದ್ದಿತು, ಫೈಲುಗಳ ಫೋಲ್ಡರ್ ಖಾಲಿ! ಒಂದು ಡಿಸ್ಕ್ ಇಲ್ಲದಿದ್ದರೆ ಬಿಟಿಆರ್‌ಎಫ್‌ಎಸ್ ತಾನಾಗಿ ಮೌಂಟ್ ಆಗಲ್ಲ (ತೆರೆದುಕೊಳ್ಳಲ್ಲ), ಡಿಗ್ರೇಡೆಡ್ ಅನ್ನೋ ಆಯ್ಕೆಯನ್ನು ಕೈಯಾರೆ ಕೊಡಬೇಕು. ಗೊತ್ತಿರುವವರಿಗೆ ಇದು ಎರಡು ನಿಮಿಷದ ಕೆಲಸ. ನಾನಿಲ್ಲದ ದಿನ, ಕ್ಯಾಲೆಂಡರ್ ಸೀಸನ್‌ನಲ್ಲಿ ಆದರೆ?

ಅದನ್ನು ಅಳಿಸಿ, ಕೆಳಗೆ ಎಂಡಿಎಡಿಎಂನ (ಲಿನಕ್ಸ್‌ನ ರೇಡ್ ಉಪಕರಣ) ರೇಡ್ 1, ಅದರ ಮೇಲೆ ಒಂಟಿ ಬಿಟಿಆರ್‌ಎಫ್‌ಎಸ್ ಮಾಡಿದೆ. ಮತ್ತೆ ಕೇಬಲ್ ಕಿತ್ತೆ. ಈ ಸಲ ಬೂಟ್ ಸ್ವಲ್ಪ ತಡವಾಯಿತು, ಆದರೆ ಎಲ್ಲ ಫೈಲೂ ಇದ್ದವು. ನಷ್ಟ ಏನು ಅಂದರೆ, ಡೇಟಾ ಕೊಳೆತರೆ ಈಗ ಪತ್ತೆ ಹಚ್ಚುತ್ತೆ, ತಾನೇ ಸರಿಮಾಡಲ್ಲ. ಅದಕ್ಕೆ ಬ್ಯಾಕಪ್ ಇದೆ. ಡಿಸ್ಕ್ ಬಿದ್ದರೆ ನನಗೂ ಮಾಲಕರ ಮಗಳಿಗೂ ಮೇಲ್ ಬರುವ ಹಾಗೆ ಇಟ್ಟಿದ್ದೇನೆ. ಮೇಲ್ ಬರುತ್ತಾ ಅಂತ ಕೂಡ ಕೇಬಲ್ ಕಿತ್ತೇ ನೋಡಿದ್ದು.

3. ಕೇಬಲ್

ಹೊಸ ಗಿಗಾಬಿಟ್ ಸ್ವಿಚ್ ಹಾಕಿದೆ. ಆದರೂ ಮ್ಯಾಕ್ ಮಿನಿಯಿಂದ ಕಾಪಿ ಮಾಡಿದರೆ ಸೆಕೆಂಡಿಗೆ 11 ಎಂಬಿ ಮೇಲೆ ಹತ್ತಲಿಲ್ಲ. 11 ಅಂದರೆ 100 ಮೆಗಾಬಿಟ್ ಗೆರೆ. ಓಎಸ್ ಮೇಲೆ ಅನುಮಾನ ಪಡುವ ಮೊದಲು ಎತ್‌ಟೂಲ್ (ನೆಟ್‌ವರ್ಕ್ ಕಾರ್ಡಿನ ವೇಗ ತೋರಿಸುವ ಉಪಕರಣ) ಹಾಕಿ ನೋಡಿದೆ, ಸರ್ವರ್‌ನಿಂದ ಸ್ವಿಚ್‌ಗೆ 1000 ಇದೆ. ಅಂದರೆ ತಪ್ಪು ಆ ಕಡೆ. ಮ್ಯಾಕ್ ಹತ್ತಿರದ ಗೋಡೆಯ ಪೆಟ್ಟಿಗೆ ಬಿಚ್ಚಿದರೆ ಒಂದೇ ಕೇಬಲ್‌ನ ನಾಲ್ಕು ತಂತಿ ಒಂದು ಜಾಕ್‌ಗೆ, ಇನ್ನು ನಾಲ್ಕು ತಂತಿ ಪಕ್ಕದ ಜಾಕ್‌ಗೆ. ಒಂದು ಕೇಬಲ್‌ನಲ್ಲಿ ಎರಡು ಕಂಪ್ಯೂಟರ್! 100 ಮೆಗಾಬಿಟ್‌ಗೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಯಾವಾಗಲೋ ಯಾರೋ ಕೇಬಲ್ ಉಳಿಸಿದ್ದರು.

ಹೊಸ ಕ್ಯಾಟ್ 6 ಎಳೆದು, ಎಂಟೂ ತಂತಿ ಕ್ರಿಂಪ್ ಮಾಡಿದ ಮೇಲೆ 108 ಎಂಬಿ ಬಂತು. ದೊಡ್ಡ ಕ್ಯಾಲೆಂಡರ್ ಫೈಲ್ ತೆರೆಯುವಾಗ ಚಹಾ ಕುಡಿಯಲು ಹೋಗುತ್ತಿದ್ದ ಡಿಸೈನರ್‌ಗೆ ಇದು ಅಷ್ಟೇನೂ ಇಷ್ಟ ಆಗಲಿಲ್ಲ.

4. ಸಾಂಬಾ, ವಿಂಡೋಸ್, ಮ್ಯಾಕ್

ಮೊದಲು ಹಳೆಯ ರೀತಿಯಲ್ಲೇ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಫೋಲ್ಡರ್ ಒಂದನ್ನು ಇಟ್ಟು ನೋಡಿದೆ. ಹೋಮ್ ಯಂತ್ರದಲ್ಲಿ ತೆರೆಯಿತು. ಎರಡು ಪ್ರೊ ಯಂತ್ರಗಳಲ್ಲಿ "ನಿಮ್ಮ ಸಂಸ್ಥೆಯ ಭದ್ರತಾ ನಿಯಮ ಗೆಸ್ಟ್ ಪ್ರವೇಶ ತಡೆಯುತ್ತಿದೆ" ಅನ್ನುವ ಅರ್ಥದ ಸಂದೇಶ. ಆಪರೇಟರ್ ಹುಡುಗ ಕೇಳಿದ: "ಸಂಸ್ಥೆ ಅಂದ್ರ ನಾವೇ ಅಲ್ರಿ ಅಣ್ಣಾರ? ನಾವ್ಯಾವಾಗ ತಡದ್ವಿ?" ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊದಲ್ಲಿ ಗೆಸ್ಟ್ ಪ್ರವೇಶ ಮೊದಲಿನಿಂದಲೇ ಬಂದ್, ಸೈನಿಂಗ್ (ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ) ಕಡ್ಡಾಯ. ರಿಜಿಸ್ಟ್ರಿಯಲ್ಲಿ ಬದಲಿಸಿ ತೆರೆಯಬಹುದು. ಆದರೆ ಅದೇ ಸರಿಯಾದ ನಿಯಮ, ಬದಲಿಸಬೇಕಾದ್ದು ನಾವು. ಗೆಸ್ಟ್ ತೆಗೆದು ಎಲ್ಲರಿಗೂ ಹೆಸರು ಕೊಟ್ಟೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆದವರಿಗೆ ಬಳಕೆದಾರರ ಹೆಸರಿಗೆ ಮೊದಲು ಸರ್ವರ್ ಹೆಸರು, ಹಿಂಗೆರೆ (\) ಹಾಕಿ ಒಮ್ಮೆ ಕೊಟ್ಟು, ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಉಳಿಸಿದರೆ ಮತ್ತೆ ಕೇಳಲ್ಲ.

ಇನ್ನೊಂದು ದೂರು: "ನೆಟ್‌ವರ್ಕ್‌ನಾಗ ಸರ್ವರ್ ಕಾಣವಲ್ದು." ಹಳೆಯ ಹುಡುಕುವ ವಿಧಾನ ಎಸ್‌ಎಂಬಿ 1ರ (ಫೈಲ್ ಹಂಚುವ ಹಳೆಯ ಪ್ರೋಟೋಕಾಲ್) ಜೊತೆಗೇ ಹೋಯಿತು. ಡೆಬಿಯನ್‌ನಲ್ಲಿ ಡಬ್ಲ್ಯುಎಸ್‌ಡಿಡಿ ಅನ್ನೋ ಸಣ್ಣ ಪ್ಯಾಕೇಜ್ ಹಾಕಿದ ಕೂಡಲೇ ವಿಂಡೋಸ್‌ಗಳಲ್ಲಿ ಕಂಡಿತು. ಮ್ಯಾಕ್‌ಗೆ ಅದೇ ಕೆಲಸ ಮಾಡುವುದು ಅವಾಹಿ. ವಿಂಡೋಸ್ 7 ತಕರಾರಿಲ್ಲದೆ ಸೇರಿತು, ಅದಕ್ಕೆ ಎಸ್‌ಎಂಬಿ 2 ಬರುತ್ತೆ. ಲಿನಕ್ಸ್ ಮಿಂಟ್ ಬಗ್ಗೆ ಬರೆಯಲು ಏನೂ ಇಲ್ಲ.

ಒಬ್ಬರು ಉಳಿಸಿದ ಫೈಲ್ ಇನ್ನೊಬ್ಬರಿಗೆ ತಿದ್ದಲು ಆಗದಿರೋದು ಎಲ್ಲ ಕಡೆ ಆಗುವಂಥದ್ದೇ. ಎಲ್ಲರನ್ನೂ ಒಂದು ಗುಂಪಿಗೆ ಸೇರಿಸಿ, ಅನುಮತಿ ಸಂಖ್ಯೆ ಫೋಲ್ಡರ್‌ಗೆ 2775, ಫೈಲ್‌ಗೆ 664 ಅಂತ ಇಟ್ಟರೆ ಮುಗಿಯಿತು. ಮುಗಿದ ಕೆಲಸಗಳ ಫೋಲ್ಡರ್ ಎಲ್ಲರಿಗೂ ಓದಲು ಮಾತ್ರ. ಬರೆಯುವ ಹಕ್ಕು ಇಬ್ಬರಿಗೇ.

ಮ್ಯಾಕ್‌ಗೆ ಸಾಂಬಾದ ಫ್ರೂಟ್ ಮಾಡ್ಯೂಲ್ (ಮ್ಯಾಕ್ ಫೈಲಿನ ಹೆಚ್ಚುವರಿ ಮಾಹಿತಿ ನೋಡಿಕೊಳ್ಳುವ ಭಾಗ) ಬೇಕೇ ಬೇಕು. ಇದನ್ನು ಡಿಸೈನ್ ಫೋಲ್ಡರಿಗೆ ಮಾತ್ರ ಹಾಕಿದ್ದೆ. ಉಳಿದ ಫೋಲ್ಡರುಗಳಲ್ಲಿ ಚುಕ್ಕಿ-ಅಡಿಗೆರೆಯಿಂದ ಶುರುವಾಗುವ ಪುಡಿ ಫೈಲುಗಳು ರಾಶಿ ಬಿದ್ದವು. ವಿಂಡೋಸ್ ಆಪರೇಟರ್ ಅವನ್ನು ಕಸ ಅಂತ ಅಳಿಸಿದರೆ ಹಳೆಯ ಮ್ಯಾಕ್ ಫಾಂಟ್ ಫೈಲುಗಳು ಸೊನ್ನೆ ಕೆಬಿ ಆಗಿ ಕೂತವು. ಆ ಫಾಂಟಿನ ತಿರುಳೆಲ್ಲ ಇರುವುದು ಆ ಪುಡಿ ಫೈಲಿನಲ್ಲೇ. ಫಾಂಟ್ ಐಮ್ಯಾಕ್‌ನಲ್ಲಿ ಇನ್ನೂ ಇತ್ತು, ಬದುಕಿದೆವು. ಫ್ರೂಟ್ ಹಾಕಿದರೆ ಸಾಂಬಾ ಸೆಟ್ಟಿಂಗ್ ಫೈಲಿನ ಗ್ಲೋಬಲ್ ಭಾಗದಲ್ಲಿ, ಎಲ್ಲ ಫೋಲ್ಡರಿಗೂ ಒಟ್ಟಿಗೆ ಹಾಕಬೇಕು. ಮಾಡ್ಯೂಲ್‌ಗಳ ಕ್ರಮವೂ ಮುಖ್ಯ: ಕಾಟಿಯಾ, ಫ್ರೂಟ್, ಆಮೇಲೆ ಸ್ಟ್ರೀಮ್ಸ್ ಎಕ್ಸ್‌ಎಟಿಟಿಆರ್. ಮ್ಯಾಕ್ ಮಿನಿಯ ಟೈಮ್ ಮಷಿನ್ ಬ್ಯಾಕಪ್ ಕೂಡ ಇದೇ ಸರ್ವರ್‌ಗೆ ಬರುತ್ತೆ. ಮಿತಿ ಹಾಕದಿದ್ದರೆ ಡಿಸ್ಕ್ ಪೂರ್ತಿ ತಿಂದುಬಿಡುತ್ತೆ, 500 ಜಿಬಿಗೆ ಕಟ್ಟಿಹಾಕಿದ್ದೇನೆ.

5. ಕನ್ನಡ ಫೈಲ್ ಹೆಸರು

ಅತಿ ಹೆಚ್ಚು ಹೊತ್ತು ತಿಂದಿದ್ದು ಇದು.

ನುಡಿಯ ಹಳೆಯ ಫಾಂಟುಗಳ ಕಾಲದಲ್ಲಿ ಫೈಲ್ ಹೆಸರು ಕನ್ನಡದಲ್ಲಿ ಕಾಣುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ಯುನಿಕೋಡ್ ಬಂದ ಮೇಲೆ ಆಪರೇಟರುಗಳು ಕನ್ನಡದಲ್ಲೇ ಹೆಸರಿಡಲು ಶುರುಮಾಡಿದರು. ಒಳ್ಳೆಯದೇ. ಆದರೆ ಲಗ್ನ ಪತ್ರಿಕೆಯ ಮೊದಲ ಸಾಲನ್ನೇ ಹೆಸರು ಮಾಡಿಬಿಡುತ್ತಾರೆ.

ಹಳೆಯ ಡಿಸ್ಕನ್ನು ಓದಲು ಮಾತ್ರ ಮೌಂಟ್ ಮಾಡಿ ಆರ್‌ಸಿಂಕ್ (ಫೈಲ್ ಕಾಪಿ ಮಾಡುವ ಉಪಕರಣ) ಹಚ್ಚಿದೆ. ಸುಮಾರು 1.1 ಟಿಬಿ. ಕೊನೆಗೆ ನೋಡಿದರೆ 200ಕ್ಕೂ ಜಾಸ್ತಿ ಫೈಲ್ ಬಂದಿಲ್ಲ. ಎಲ್ಲದಕ್ಕೂ ಒಂದೇ ದೂರು, ಫೈಲ್ ಹೆಸರು ಉದ್ದವಾಯಿತು ಅಂತ. ಒಂದು ಮಾದರಿ ನೋಡಿ (ಹೆಸರುಗಳು ನಾನು ಇಟ್ಟಿದ್ದು, ಉದ್ದ ಅದೇ ಥರ):

"ಚಿ. ಬಸವರಾಜ ಮತ್ತು ಚಿ.ಸೌ. ಶಿವಲೀಲಾ ಇವರ ವಿವಾಹ ಮಹೋತ್ಸವ ಆಮಂತ್ರಣ ಪತ್ರಿಕೆ ಬೆಟಗೇರಿ ಪ್ರೂಫ್ 3 ತಿದ್ದಿದ್ದು ಫೈನಲ್ ಹೊಸದು"

ಕೊನೆಗೆ ಚುಕ್ಕಿ ಮತ್ತು ಕೋರೆಲ್‌ನ ಮೂರಕ್ಷರದ ಬಾಲ. ವಿಂಡೋಸ್‌ನ ಫೈಲ್ ವ್ಯವಸ್ಥೆ ಎನ್‌ಟಿಎಫ್‌ಎಸ್ ಒಂದು ಹೆಸರಿಗೆ 255 ಯುನಿಕೋಡ್ ಘಟಕ ಬಿಡುತ್ತೆ. ಇದು ಅಲ್ಲಿ 109, ಆರಾಮಾಗಿ ಕೂರುತ್ತೆ. ಲಿನಕ್ಸ್‌ನಲ್ಲಿ ಮಿತಿ 255 ಬೈಟ್. ಅಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್. ಒತ್ತಕ್ಷರ, ಗುಣಿತದ ಗುರುತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. "ತ್ತು" ಅನ್ನೋ ಒಂದೇ ಅಕ್ಷರಕ್ಕೆ ನಾಲ್ಕು ಚಿಹ್ನೆ, 12 ಬೈಟ್. ಅಂದರೆ ಹೆಸರಿನಲ್ಲಿ ಹೆಚ್ಚೆಂದರೆ 85 ಚಿಹ್ನೆ. ಮೇಲಿನ ಹೆಸರು 281 ಬೈಟ್. "ಫೈನಲ್ ಹೊಸದು" ಕಿತ್ತರೆ 249, ಹಿಡಿಸುತ್ತೆ.

ಡಿಸ್ಕನ್ನು ಎಕ್ಸ್‌ಟಿ4 ಅನ್ನೋ ಬೇರೆ ಫೈಲ್ ವ್ಯವಸ್ಥೆಗೆ ಬದಲಿಸಿದರೂ ಅಷ್ಟೇ, ಎಕ್ಸ್‌ಎಫ್‌ಎಸ್ ಆದರೂ ಅಷ್ಟೇ. ಎಲ್ಲಕ್ಕೂ 255 ಬೈಟ್. ನಿಜ ಹೇಳಬೇಕೆಂದರೆ ವಿಂಡೋಸ್ ಸರ್ವರ್ ಹಾಕಿದ್ದರೆ ಈ ತಲೆನೋವು ಇರುತ್ತಿರಲಿಲ್ಲ. ಇಂಗ್ಲಿಷ್‌ನಲ್ಲಿ ಹೆಸರಿಡುವವರಿಗೆ ಇದು ಎದುರಾಗುವುದೇ ಅಪರೂಪ, ಹಾಗಾಗಿ ಯಾರೂ ಮೊದಲೇ ಎಚ್ಚರಿಸಲ್ಲ. ಕನ್ನಡ ಹೆಸರುಗಳಿರುವ ಆಫೀಸಿನಲ್ಲಿ ಓಎಸ್ ಬದಲಿಸುವ ಮುಂಚೆ 200 ಬೈಟ್ ದಾಟಿದ ಹೆಸರುಗಳ ಪಟ್ಟಿ ತೆಗೆದುಕೊಳ್ಳಿ. ಸಣ್ಣ ಪೈಥಾನ್ ಸ್ಕ್ರಿಪ್ಟ್ ಸಾಕು.

ಮಾಲಕರಿಗೆ ಹೇಳಿದರೆ, "ಹೆಸರು ಉದ್ದ ಆದ್ರ ನಿಮ್ಮ ಸರ್ವರಿಗೇನ್ ತ್ರಾಸ್ರಿ? ಜಾಗ ಬೇಕಾದಷ್ಟ ಐತಲ್ಲ?" ಅಂದರು. ಜಾಗಕ್ಕೂ ಹೆಸರಿನ ಮಿತಿಗೂ ಸಂಬಂಧ ಇಲ್ಲ ಅಂತ ಬಿಡಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಪರಿಹಾರ ಮಾತ್ರ ಅವರದ್ದೇ. ರಸೀದಿ ಪುಸ್ತಕದಲ್ಲಿ ಹೇಗೂ ಪ್ರತಿ ಕೆಲಸಕ್ಕೆ ನಂಬರ್ ಇದೆ. ಫೋಲ್ಡರಿಗೆ ಆ ನಂಬರ್, ಮುಂದೆ ಎರಡು ಹೆಸರು, ಅಷ್ಟೇ. ಪ್ರೂಫ್ ಒಂದು, ಎರಡು, ಮೂರು ಒಳಗಡೆ. ಹಳೆಯ ಉದ್ದ ಹೆಸರುಗಳನ್ನು ಆಪರೇಟರುಗಳೇ ಕೂತು ಕತ್ತರಿಸಿದರು.

ಇದು ಮುಗಿಯಿತು ಅನ್ನುವಷ್ಟರಲ್ಲಿ ಐಮ್ಯಾಕ್ ಸರದಿ. ಅದರ ಡಿಸ್ಕಿನಲ್ಲಿ 300 ಜಿಬಿ ಹಳೆಯ ಡಿಸೈನ್. ಅಲ್ಲಿಂದ ಎಸ್‌ಎಸ್‌ಎಚ್ (ನೆಟ್‌ವರ್ಕ್‌ನಲ್ಲಿ ಇನ್ನೊಂದು ಯಂತ್ರಕ್ಕೆ ಭದ್ರವಾಗಿ ಸೇರುವ ದಾರಿ) ಮೇಲೆ ಆರ್‌ಸಿಂಕ್ ಮಾಡಿದೆ. ಎಲ್ಲ ಬಂತು. ಮರುದಿನ ವಿಂಡೋಸ್‌ನಲ್ಲಿ ಒಂದೇ ಜಾಗದಲ್ಲಿ "ಲೋಗೋ" ಅನ್ನೋ ಫೋಲ್ಡರ್ ಎರಡು. ಅಕ್ಷರ ಅಕ್ಷರ ಒಂದೇ. ಒಂದೇ ಹೆಸರಿನ ಎರಡು ಫೋಲ್ಡರ್ ಇರೋಕೆ ಸಾಧ್ಯನೇ ಇಲ್ಲ, ಅಲ್ವಾ?

ಬೈಟ್ ತೆಗೆದು ನೋಡಿದೆ. ಒಂದು 12 ಬೈಟ್, ಇನ್ನೊಂದು 24. ಹಳೆಯ ಮ್ಯಾಕ್ ಡಿಸ್ಕಿನ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಇಡುತ್ತೆ. ನಾವು ಒತ್ತಿದ "ೋ" ಒಂದೇ ಚಿಹ್ನೆ. ಅದು ಅದನ್ನು ಮೂರು ಮಾಡಿ ಇಟ್ಟಿರುತ್ತೆ. "ೀ", "ೇ", "ೈ", "ೊ" ಇವೂ ಎರಡೆರಡಾಗುತ್ತವೆ. ಪರದೆಯ ಮೇಲೆ ವ್ಯತ್ಯಾಸ ಕಾಣಲ್ಲ. ಲಿನಕ್ಸ್‌ಗೆ ಬೈಟ್ ಬೇರೆಯಾದರೆ ಹೆಸರೂ ಬೇರೆ. ಮೇಲಿನ ಲಗ್ನ ಪತ್ರಿಕೆಯ ಕತ್ತರಿಸಿದ ಹೆಸರನ್ನೇ ತಗೊಳ್ಳಿ. ವಿಂಡೋಸ್‌ನಿಂದ ಬಂದರೆ 249 ಬೈಟ್, ಒಳಗೆ. ಐಮ್ಯಾಕ್‌ನಿಂದ ಹೀಗೆ ಬಂದರೆ 261, ಹೊರಗೆ.

ಇದಕ್ಕೆ ಮದ್ದು ಕಾನ್ವ್‌ಎಂವಿ ಅನ್ನೋ ಉಪಕರಣ. ಯುಟಿಎಫ್-8ನಿಂದ (ಹೆಸರನ್ನು ಬೈಟ್‌ನಲ್ಲಿ ಬರೆಯುವ ಕ್ರಮ) ಯುಟಿಎಫ್-8ಗೇ, ಎನ್‌ಎಫ್‌ಸಿ (ಬಿಡಿಸದ, ಕೂಡಿಸಿದ) ರೂಪಕ್ಕೆ ತಿರುಗಿಸು ಅಂತ ಹೇಳಿದರೆ ಫೋಲ್ಡರ್ ಪೂರ್ತಿ ಸರಿಮಾಡುತ್ತೆ. ಮೊದಲ ಸಲ ಏನು ಮಾಡಬಹುದು ಅಂತ ತೋರಿಸುತ್ತೆ ಅಷ್ಟೇ, ನಿಜವಾಗಿ ಮಾಡಲು ನೋಟೆಸ್ಟ್ ಅಂತ ಬೇರೆ ಹೇಳಬೇಕು. ಒಳ್ಳೆಯ ಅಭ್ಯಾಸ ಅದು. ಎರಡೂ ರೂಪ ಮೊದಲೇ ಇರುವ ಕಡೆ ಅದು ಕೈಹಾಕಲ್ಲ, ಆ "ಲೋಗೋ"ಗಳನ್ನು ಕೈಯಾರೆ ಸೇರಿಸಿದೆ. ಈಗ ಐಮ್ಯಾಕ್ ಫೈಲುಗಳನ್ನು ಸಾಂಬಾ ಫೋಲ್ಡರ್ ಮೂಲಕವೇ ಎಳೆದು ಹಾಕುತ್ತಾರೆ. ಆ ದಾರಿಯಲ್ಲಿ ಹೆಸರು ಸರಿಯಾದ ರೂಪದಲ್ಲೇ ಬರುತ್ತೆ.

6. ಎಕ್ಸ್‌ಪಿ

ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿ 1 ಒಂದೇ. 2017ರ ಮೇ ತಿಂಗಳ ವಾನಾಕ್ರೈ (ಫೈಲ್‌ಗೆ ಬೀಗ ಹಾಕಿ ಹಣ ಕೇಳುವ ವೈರಸ್) ಹರಡಿದ್ದು ಆ ದಾರಿಯಲ್ಲೇ. ಸಾಂಬಾದಲ್ಲಿ ಒಂದು ಸಾಲು ಬದಲಿಸಿದರೆ ಎಸ್‌ಎಂಬಿ 1 ತೆರೆಯುತ್ತೆ. ಆದರೆ ಆ ಸಾಲು ಇಡೀ ಸರ್ವರಿಗೆ, ಒಂದು ಫೋಲ್ಡರಿಗೆ ಮಾತ್ರ ಅಂತ ಹಾಕಲು ಬರಲ್ಲ. ಒಂದು ಪ್ಲಾಟರ್‌ಗೋಸ್ಕರ ಎಲ್ಲ ಬಾಗಿಲು ತೆಗೆಯಲು ಮನಸ್ಸಾಗಲಿಲ್ಲ.

ಬದಲಿಗೆ ವಿಎಸ್‌ಎಫ್‌ಟಿಪಿಡಿ (ಎಫ್‌ಟಿಪಿ ಅನ್ನೋ ಬೇರೆ ದಾರಿಯಲ್ಲಿ ಫೈಲ್ ಕೊಡುವ ತಂತ್ರಾಂಶ) ಹಾಕಿ, ಪ್ಲಾಟರ್ ಫೋಲ್ಡರನ್ನು ಓದಲು ಮಾತ್ರ ಕೊಟ್ಟೆ. ಫೈರ್‌ವಾಲ್‌ನಲ್ಲಿ ಎಕ್ಸ್‌ಪಿಯ ಐಪಿ ಒಂದಕ್ಕೇ ದಾರಿ. ರೌಟರ್‌ನಲ್ಲಿ ಅದರ ಇಂಟರ್ನೆಟ್ ಬಂದ್. ಎಕ್ಸ್‌ಪಿಯ ಎಫ್‌ಟಿಪಿ ಕಿಟಕಿಯಲ್ಲಿ ಕನ್ನಡ ಹೆಸರು ಕಸದ ಥರ ಕಾಣುತ್ತೆ, ಹಾಗಾಗಿ ಆ ಒಂದು ಫೋಲ್ಡರಿನಲ್ಲಿ ಕೆಲಸದ ನಂಬರ್ ಮಾತ್ರ. ಪೆನ್‌ಡ್ರೈವ್ ಓಡಾಟ ನಿಂತಿತು, ಅದರ ಜೊತೆ ಬರುತ್ತಿದ್ದ ಶಾರ್ಟ್‌ಕಟ್ ವೈರಸ್ ಕೂಡ.

7. ನಿನ್ನೆಯ ಪ್ರತಿ

ಬೆಳಿಗ್ಗೆ 9ರಿಂದ ರಾತ್ರಿ 8ರ ತನಕ ಗಂಟೆಗೊಂದು ಬಿಟಿಆರ್‌ಎಫ್‌ಎಸ್ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದಲ್ಲಿ ಫೈಲುಗಳು ಹೇಗಿದ್ದವೋ ಹಾಗೆ ಒಂದು ಪ್ರತಿ. ಸಾಂಬಾದ ಶ್ಯಾಡೋ ಕಾಪಿ 2 ಮಾಡ್ಯೂಲ್ ಸೇರಿಸಿದರೆ ವಿಂಡೋಸ್‌ನಲ್ಲಿ ಫೈಲ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರೀವಿಯಸ್ ವರ್ಷನ್ಸ್‌ನಲ್ಲಿ ಹಳೆಯ ಪ್ರತಿ ತೆಗೆದುಕೊಳ್ಳಬಹುದು. ನನ್ನನ್ನು ಕರೆಯಬೇಕಾಗಿಲ್ಲ.

ಶುರುವಿನಲ್ಲಿ ಸಂಜೆ 6ರ ಪ್ರತಿ ರಾತ್ರಿ 11.30ರದು ಅಂತ ಕಾಣುತ್ತಿತ್ತು. ಐದೂವರೆ ಗಂಟೆ ಅಂದ ಕೂಡಲೇ ಗೊತ್ತಾಗಬೇಕು. ಸ್ಕ್ರಿಪ್ಟ್ ನಮ್ಮ ಗಡಿಯಾರದ ಪ್ರಕಾರ ಹೆಸರಿಡುತ್ತಿತ್ತು, ಸಾಂಬಾ ಅದನ್ನು ಜಿಎಂಟಿ (ಗ್ರೀನಿಚ್ ಸಮಯ) ಅಂತ ಓದುತ್ತಿತ್ತು. ಸ್ಕ್ರಿಪ್ಟ್‌ನಲ್ಲಿ ಯುಟಿಸಿ (ಅದೇ ಗ್ರೀನಿಚ್ ಲೆಕ್ಕ) ಮಾಡಿದೆ, ಸರಿಹೋಯಿತು.

ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ರಾತ್ರಿ 4 ಟಿಬಿಯ ಯುಎಸ್‌ಬಿ ಡಿಸ್ಕಿಗೆ ಬೇರೆ ಪ್ರತಿ ಹೋಗುತ್ತೆ. ಡಿಸ್ಕ್ ಎರಡಿವೆ, ಶನಿವಾರ ಅದಲು ಬದಲು, ಒಂದು ಸದಾ ಮಾಲಕರ ಮನೆಯಲ್ಲಿ. ಟ್ಯಾಲಿಯ ಡೇಟಾ ಅದರ ಯಂತ್ರದಲ್ಲೇ ಬಿಟ್ಟೆ, ಬ್ಯಾಕಪ್ ಮಾತ್ರ ಇಲ್ಲಿಗೆ ಬರುತ್ತೆ.

8. ಕರೆಂಟ್

ಆಫ್‌ಸೆಟ್ ಮಷಿನ್ ಸ್ಟಾರ್ಟ್ ಆದಾಗ ಇಡೀ ಅಂಗಡಿಯ ಲೈಟ್ ಒಮ್ಮೆ ಕುಗ್ಗುತ್ತೆ. ಸರ್ವರನ್ನು ಬೇರೆ ಫೇಸ್‌ಗೆ ಹಾಕಿಸಿದೆ. 1 ಕೆವಿಎ ಯುಪಿಎಸ್, ಯುಎಸ್‌ಬಿ ಇರುವಂಥದ್ದು. ಎನ್‌ಯುಟಿ (ಯುಪಿಎಸ್ ಮೇಲೆ ನಿಗಾ ಇಡುವ ತಂತ್ರಾಂಶ) ಹಾಕಿ ನಟ್‌ಡಿಆರ್‌ವಿ ಕ್ಯೂಎಕ್ಸ್ ಡ್ರೈವರ್ ಕೊಟ್ಟರೆ ಮಾತಾಡಿತು. ಬ್ಯಾಟರಿ ಕಡಿಮೆ ಅನ್ನೋ ಸಂಕೇತ ಮಾತ್ರ ನಂಬುವ ಹಾಗಿಲ್ಲ. ಸಂಕೇತ ಬರುವುದೂ ಯುಪಿಎಸ್ ಆರುವುದೂ ಹೆಚ್ಚುಕಡಿಮೆ ಒಟ್ಟಿಗೇ. ಅದಕ್ಕೆ ಕರೆಂಟ್ ಹೋಗಿ ನಾಲ್ಕು ನಿಮಿಷ ಆದರೆ ಸರ್ವರ್ ತಾನೇ ಮಲಗುವ ಹಾಗೆ ಟೈಮರ್ ಇಟ್ಟೆ.

ಏಳುವುದು ಕಷ್ಟ. ಕರೆಂಟ್ ಬಂದಾಗ ಆನ್ ಆಗು ಅಂತ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್) ಇಟ್ಟಿದ್ದೇನೆ. ಆದರೆ ಸರ್ವರ್ ಮಲಗಿದ ಮೇಲೂ ಯುಪಿಎಸ್ ಉರಿಯುತ್ತಿದ್ದು, ಅಷ್ಟರಲ್ಲಿ ಕರೆಂಟ್ ಬಂದರೆ, ಯಂತ್ರದ ಮಟ್ಟಿಗೆ ಕರೆಂಟ್ ಹೋಗಿಯೇ ಇಲ್ಲ. ಹಾಗಾಗಿ ಏಳಲ್ಲ. ಮಲಗುವಾಗ ಯುಪಿಎಸ್‌ಗೆ ಔಟ್‌ಪುಟ್ ಕತ್ತರಿಸು ಅಂತ ಆಜ್ಞೆ ಕೊಡಬಹುದು, ಈ ಯುಪಿಎಸ್ ಅದನ್ನು ಕೇಳಿಸಿಕೊಳ್ಳಲ್ಲ. ಸದ್ಯಕ್ಕೆ ಬೆಳಿಗ್ಗೆ ಅಂಗಡಿ ತೆರೆದವರು ಲಕ್ಷ್ಮಿ ಫೋಟೋಗೆ ಊದಿನಕಡ್ಡಿ ಹಚ್ಚಿ, ಸರ್ವರ್ ದೀಪ ನೋಡಿ, ಆರಿದ್ದರೆ ಗುಂಡಿ ಒತ್ತುತ್ತಾರೆ.

9. ಖರ್ಚು

ರ‍್ಯಾಮ್ 2,600. ಎಸ್‌ಎಸ್‌ಡಿ 2,000. 4 ಟಿಬಿ ಡಿಸ್ಕ್ ಎರಡು 22,000. ಯುಎಸ್‌ಬಿ ಡಿಸ್ಕ್ ಎರಡು 21,000. ಸ್ವಿಚ್ 1,500. ಯುಪಿಎಸ್ 5,800. ಕೇಬಲ್, ಜಾಕ್ 900. ಒಟ್ಟು 55,800 ರೂಪಾಯಿ, ನನ್ನ ಕೂಲಿ ಬೇರೆ. ಎಲ್ಲ ಹುಬ್ಬಳ್ಳಿಯಲ್ಲಿ ಕೊಂಡಿದ್ದು. ಓಎಸ್‌ಗೆ ಸೊನ್ನೆ. ಆದರೆ ಫೈಲ್ ಹೆಸರು ಸರಿಮಾಡಲು ಆಪರೇಟರುಗಳು ಕೂತ ಹೊತ್ತಿಗೆ ಯಾರೂ ಬಿಲ್ ಹಾಕಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದಿನದ ನಿಗಾಕ್ಕೆ ಕಾಕ್‌ಪಿಟ್ ಹಾಕಿದ್ದೇನೆ. ಬ್ರೌಸರ್‌ನಲ್ಲಿ ಡಿಸ್ಕ್ ಎಷ್ಟು ತುಂಬಿದೆ ಅಂತ ನೋಡಬಹುದು, ರೀಸ್ಟಾರ್ಟ್ ಮಾಡಬಹುದು. ಮಾಲಕರ ಮಗಳು ಬಿಕಾಂ ಓದುತ್ತಿದ್ದಾಳೆ, ಅವಳಿಗೆ ಹೇಳಿಕೊಟ್ಟಿದ್ದೇನೆ. ನಾನು ಊರಲ್ಲಿಲ್ಲದಾಗ ಒಮ್ಮೆ ಸಾಂಬಾ ರೀಸ್ಟಾರ್ಟ್ ಮಾಡಿ, ಆಮೇಲೆ ಫೋನ್ ಮಾಡಿ ಹೇಳಿದಳು.

ಬಾಕಿ ಇರುವುದು ಎರಡು. ಆಜ್ಞೆ ಕೇಳುವ ಯುಪಿಎಸ್ ಹುಡುಕಬೇಕು. ಪೇಜ್‌ಮೇಕರ್ ಇರುವ ವಿಂಡೋಸ್ 7 ಯಂತ್ರದ ಮದರ್‌ಬೋರ್ಡ್‌ನಲ್ಲಿ ಎರಡು ಕೆಪಾಸಿಟರ್ ಊದಿಕೊಂಡಿವೆ. ಅದು ಸಾಯುವ ಮೊದಲು ಇಡೀ ಡಿಸ್ಕಿನ ಇಮೇಜ್ (ಯಥಾಪ್ರತಿ) ತೆಗೆದು ವರ್ಚುವಲ್ ಯಂತ್ರದಲ್ಲಿ (ಇನ್ನೊಂದು ಕಂಪ್ಯೂಟರ್‌ನೊಳಗೆ ತಂತ್ರಾಂಶವಾಗಿ ಓಡುವ ಯಂತ್ರ) ಎಬ್ಬಿಸಿ ನೋಡಬೇಕು. ಇಮೇಜ್ ತೆಗೆದಾಗಿದೆ, 118 ಜಿಬಿ, ಇದೇ ಸರ್ವರ್‌ನಲ್ಲಿ ಕೂತಿದೆ. ಎಬ್ಬಿಸಿದರೆ ನೀಲಿ ಪರದೆ ಬರುತ್ತಿದೆ, ಡಿಸ್ಕ್ ಕಂಟ್ರೋಲರ್ ಅನ್ನು ಐಡಿಇ ಅನ್ನೋ ಹಳೆಯ ವಿಧಕ್ಕೆ ಬದಲಿಸಿ ನೋಡುವುದು ಮುಂದಿನ ಪ್ರಯತ್ನ.